ಜೆನ್ಶಿಯನ್ ಬೇರಿನ ಕಹಿ

ಆಲ್ಪ್ಸ್, ಜೂರಾ, ಪಿರನೀಸ್ ಪರ್ವತಗಳ ಎತ್ತರದ ಹುಲ್ಲುಗಾವಲುಗಳಲ್ಲಿ ಬೇಸಗೆಯಲ್ಲಿ ಸೊಂಟಮಟ್ಟಕ್ಕೂ ಮಿಗಿಲಾಗಿ ಬೆಳೆದು, ಎಲೆಗಳ ಕಂಕುಳಲ್ಲಿ ಹಳದಿ ಹೂಗಳನ್ನು ಅಟ್ಟ ಅಟ್ಟವಾಗಿ ಧರಿಸಿ ನಿಲ್ಲುವ ಜೆನ್ಶಿಯನ್ ಗಿಡದ ಚೆಲುವು ನೆಲದ ಮೇಲಿದ್ದರೂ, ಯುರೋಪಿನ ವೈದ್ಯರು ಶತಮಾನಗಳಿಂದ ಅರಸಿದ್ದು ನೆಲದೊಳಗೆ ಅಡಗಿದ ಅದರ ದಪ್ಪ ಬೇರನ್ನು. ಕ್ರಿ.ಪೂ. 168ರಲ್ಲಿ ರೋಮನರಿಗೆ ಸೋತ ಇಲಿರಿಯದ ಅರಸ ಜೆಂಟಿಯಸನೇ ಇದನ್ನು ಮೊದಲು ಕಂಡುಕೊಂಡವನೆಂದು ಪ್ಲಿನಿ ಬರೆದಿದ್ದಾನೆ. ರಾಜ್ಯ ಹೋದರೂ ಗಿಡದಲ್ಲಿ ಅರಸನ ಹೆಸರು ಉಳಿಯಿತು.

ಆಗತಾನೆ ಕಡಿದ ಬೇರಿನ ಒಳಭಾಗ ಬಿಳುಪು. ರಾಶಿ ಹಾಕಿ ನಿಧಾನವಾಗಿ ಒಣಗಿಸಿದಾಗ ಅದು ಹುದುಗಿ, ಕೆಂಗಂದು ಬಣ್ಣಕ್ಕೆ ತಿರುಗಿ, ತನ್ನದೇ ಆದ ಒಂದು ಗಾಢವಾದ ವಾಸನೆಯನ್ನು ಪಡೆಯುತ್ತದೆ. ಒಂದು ಚೂರನ್ನು ಅಗಿದರೆ ಮೊದಲು ನಸುಸಿಹಿ, ಮರುಕ್ಷಣವೇ ನಾಲಗೆಯ ಬುಡವನ್ನು ಹಿಡಿದು ಬಿಡದ ಕಹಿ. ಇದರಲ್ಲಿರುವ ಅಮರೊಜೆಂಟಿನ್ ಎಂಬ ದ್ರವ್ಯವು, ಅದರ ಒಂದು ಭಾಗವನ್ನು ಸುಮಾರು 5.8 ಕೋಟಿ ಭಾಗ ನೀರಿನಲ್ಲಿ ಕರಗಿಸಿದರೂ, ನಾಲಗೆಗೆ ತಿಳಿಯುವಷ್ಟು ತೀಕ್ಷ್ಣವಾದುದು. ನಮ್ಮ ಹಿಮಾಲಯದ ಕಿರಾತತಿಕ್ತವೂ ಇದೇ ಸಸ್ಯಕುಟುಂಬದ್ದು, ಅದರಲ್ಲಿಯೂ ಇದೇ ದ್ರವ್ಯವುಂಟು.

ಈ ಕಹಿಯೇ ಔಷಧವೆಂಬುದು ನನ್ನ ದೃಢವಾದ ನಂಬಿಕೆ. ಜೀರ್ಣಕ್ರಿಯೆ ಜಠರದಲ್ಲಲ್ಲ, ಬಾಯಿಯಲ್ಲಿಯೇ ಆರಂಭವಾಗುತ್ತದೆ. 1904ರಲ್ಲಿ ನೊಬೆಲ್ ಪಾರಿತೋಷಿಕ ಪಡೆದ ರಷ್ಯದ ಪಾವ್ಲೊವ್, ನಾಯಿಯು ನುಂಗಿದ ಆಹಾರವು ಜಠರವನ್ನು ಸೇರದೆ ಅನ್ನನಾಳದ ರಂಧ್ರದಿಂದ ಹೊರಬೀಳುವಂತೆ ಶಸ್ತ್ರಕ್ರಿಯೆ ಮಾಡಿದಾಗಲೂ, ಸುಮಾರು 5 ನಿಮಿಷಗಳಲ್ಲಿ ಜಠರರಸ ಒಸರತೊಡಗಿದುದನ್ನು ಕಂಡನು. ಮಿದುಳಿನಿಂದ ಜಠರಕ್ಕೆ ಬರುವ ವೇಗಸ್ ನರವನ್ನು ಕತ್ತರಿಸಿದೊಡನೆ ಆ ಒಸರು ನಿಂತುಹೋಯಿತು. ನಾಲಗೆಯ ಮೇಲಿನ ಕಹಿಯೂ ಇದೇ ನರಮಾರ್ಗವನ್ನು ಎಚ್ಚರಿಸಿ, ಲಾಲಾರಸವನ್ನೂ ಜಠರರಸವನ್ನೂ ಹೆಚ್ಚಿಸುತ್ತದೆಂಬುದು ಬಹುಕಾಲದಿಂದ ಬಂದ ವಿವರಣೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಈ ಬೇರಿನ ಕಷಾಯವನ್ನು ಗುಟುಕು ಗುಟುಕಾಗಿ ಕುಡಿಯುವ ಹಳೆಯ ಪದ್ಧತಿಯಲ್ಲಿ ಆದುದರಿಂದಲೇ ಅರ್ಥವಿದೆ. ಕಹಿಗೆ ಅಂಜಿ ಸಕ್ಕರೆಯಲ್ಲಿ ಅದನ್ನು ಮರೆಮಾಡುವುದು ಮದ್ದಿನ ತಿರುಳನ್ನೇ ಬಿಟ್ಟಂತೆ.

ಹಸಿವು ಮಂದವಾದಾಗ, ಅಜೀರ್ಣದ ಸಣ್ಣಪುಟ್ಟ ತೊಂದರೆಗಳಾದಾಗ ಇದನ್ನು ಬಳಸಲು ಯುರೋಪಿನ ಔಷಧ ಸಂಸ್ಥೆ ಸಮ್ಮತಿಸಿರುವುದು ದೀರ್ಘಕಾಲದ ಬಳಕೆಯ ಆಧಾರದ ಮೇಲೆಯೇ ಹೊರತು, ದೊಡ್ಡ ಪ್ರಮಾಣದ ಚಿಕಿತ್ಸಾ ಪರೀಕ್ಷೆಗಳ ಬಲದಿಂದಲ್ಲ. ಜಠರದ ಹುಣ್ಣುಳ್ಳವರಿಗೆ ಇದು ಸಲ್ಲದು.

ಬೇರನ್ನು ಅಗೆಯುವವರಿಗೂ ಒಂದು ಗಂಡಾಂತರವುಂಟು. ಮೊದಲ ಹೂ ಬಿಡಲು ಜೆನ್ಶಿಯನ್ನಿಗೆ ಸುಮಾರು 10 ವರ್ಷ ಬೇಕು. ಹೂವಿಲ್ಲದ ಗಿಡವು ಅದೇ ಹುಲ್ಲುಗಾವಲಿನ ವಿಷಸಸ್ಯವಾದ ವೆರಾಟ್ರಮ್ಮನ್ನು ಬಹುವಾಗಿ ಹೋಲುತ್ತದೆ. ಅನುಭವಿಗಳು ಕಾಂಡದ ಮೇಲೆ ಎಲೆಗಳು ಹೊರಟ ಬಗೆಯನ್ನು ನೋಡಿ ನಿರ್ಧರಿಸುತ್ತಾರೆ: ಎದುರೆದುರಾಗಿ ಜೋಡಿಯಲ್ಲಿದ್ದರೆ ಜೆನ್ಶಿಯನ್, ಒಂದಾದ ಮೇಲೊಂದರಂತೆ ಒಂಟಿಯಾಗಿದ್ದರೆ ವೆರಾಟ್ರಮ್.