ಮನೆಯಲ್ಲೇ ಫಿಲ್ಮು ತೊಳೆಯಲು ಏನೇನು ಬೇಕು?

ಬೇಲೂರು ಹಳೇಬೀಡುಗಳಿಗೆ ಹೋಗಿಬಂದು ಕೈಯಲ್ಲಿ ಚಿತ್ರವಿಲ್ಲದವರು ಈಗ ಯಾರೂ ಇಲ್ಲ; ಎಲ್ಲವೂ ಮೊಬೈಲಿನ ಮಹಿಮೆ. ಆದರೂ ಕಪ್ಪುಬಿಳುಪು ಫಿಲ್ಮಿನ ಗೀಳು ಹಿಡಿದವರು ನಮ್ಮಲ್ಲಿ ಕೆಲವರಿದ್ದೇವೆ. 36 ಚಿತ್ರಗಳ ಒಂದು ಸುರುಳಿಯನ್ನು ಅರಸೀಕೆರೆಯಿಂದ ಬೆಂಗಳೂರಿಗೆ ಕಳುಹಿಸಿ ತೊಳೆಸುವ ಖರ್ಚು ವಿದ್ಯಾರ್ಥಿವೇತನದಲ್ಲಿ ಓದುವ ನನ್ನಂಥವನಿಗೆ ನಿಲುಕತಕ್ಕದ್ದಲ್ಲ. ಆದುದರಿಂದ ಮನೆಗೆ ಏನು ಕೊಳ್ಳಬೇಕೆಂಬುದನ್ನು ಮಿತ್ರರಿಗೆ ಅರಿಕೆ ಮಾಡುತ್ತೇನೆ.

ಕತ್ತಲೆಯ ಕೋಣೆಯೇ ಬೇಕೆಂಬುದು ತಪ್ಪು ತಿಳಿವಳಿಕೆ. ಸಿನಿಮಾದಲ್ಲಿ ಕಾಣುವ ಕೆಂಪು ದೀಪ ಕಾಗದದ ಮೇಲೆ ಚಿತ್ರ ಮುದ್ರಿಸುವವರಿಗೆ. ಸಾಮಾನ್ಯ ಫಿಲ್ಮು ಕೆಂಪು ಬೆಳಕಿಗೂ ಕೆಡುತ್ತದೆ. ನಮ್ಮದೋ ಹಂಚಿನ ಮನೆ, ಸಂದಿಸಂದಿಯಲ್ಲೂ ಬಿಸಿಲ ಕೋಲು! ತೋಳು ತೂರಿಸುವ ಕರಿಯ ಚೀಲವೊಂದು, ಮುಚ್ಚಳವುಳ್ಳ ಡೆವಲಪಿಂಗ್ ಟ್ಯಾಂಕೊಂದು ಇದ್ದರೆ ಸಾಕು. ಚೀಲದೊಳಗೆ ಫಿಲ್ಮನ್ನು ಟ್ಯಾಂಕಿಗೆ ಸೇರಿಸಿ ಮುಚ್ಚಿದರೆ ಉಳಿದುದೆಲ್ಲ ಹಗಲಲ್ಲೇ, ಬಚ್ಚಲಲ್ಲೇ ಆಗುತ್ತದೆ. ಎನ್‌ಲಾರ್ಜರ್ ಸಹಿತ ಮಾರುವ ದೊಡ್ಡ ಪೆಟ್ಟಿಗೆಗೆ ಮೊದಲ ವರ್ಷ ಹಣ ಹಾಕಬೇಡಿ.

ಜಿಪುಣತನ ಮಾಡಬಾರದಾದುದು ಉಷ್ಣಮಾಪಕದಲ್ಲಿ. ಇಲ್‌ಫರ್ಡ್ ಎಚ್‌ಪಿ5 ಫಿಲ್ಮಿಗೆ ಐಡಿ-11 ಡೆವಲಪರಿನಲ್ಲಿ 20 ಡಿಗ್ರಿ ಶಾಖಕ್ಕೆ ಏಳೂವರೆ ನಿಮಿಷ. ಶಾಖ ಏರಿದಂತೆ ಕಾಲ ಇಳಿಸಬೇಕು. ಬೇಸಗೆಯಲ್ಲಿ ನಮ್ಮ ತೊಟ್ಟಿಯ ನೀರು 30 ಡಿಗ್ರಿ ದಾಟುತ್ತದೆ. ಲೆಕ್ಕ ತಪ್ಪಿದರೆ ಬೆಳಕಿಗೂ ನೆರಳಿಗೂ ಅಂತರ ಹೆಚ್ಚಿ, ಹಳೇಬೀಡಿನ ಆಳವಾಗಿ ಕೊರೆದ ಶಿಲ್ಪಗಳ ಮುಖ ಸುಣ್ಣ ಬಳಿದಂತೆಯೂ ಹಿಂಬದಿ ಮಸಿಯಂತೆಯೂ ಆಗುತ್ತದೆ. ಡೆವಲಪರಿನ ಬಾಟಲಿಯನ್ನು ಹೂಜಿಯ ನೀರಿನ ಬೋಗುಣಿಯಲ್ಲಿಟ್ಟು ತಂಪಾಗಿಸುವುದು ನನ್ನ ಪದ್ಧತಿ. ಬಾಟಲಿಯಲ್ಲಿ ಗಾಳಿ ಉಳಿದರೆ ದ್ರಾವಣ ಬೇಗ ಸತ್ವಗೆಡುತ್ತದೆ. ಗಾಜಿನ ಗೋಲಿಗಳನ್ನು ಹಾಕಿ ಕಂಠದವರೆಗೆ ಏರಿಸಿ. ಕೊಳವೆಬಾವಿಯ ಗಡಸು ನೀರು ಫಿಲ್ಮಿನ ಮೇಲೆ ಕಲೆ ಬಿಡುವುದರಿಂದ ಕೊನೆಯ ತೊಳೆತಕ್ಕೆ ಬ್ಯಾಟರಿಗೆ ಹಾಕುವ ಬಟ್ಟಿಯಿಳಿಸಿದ ನೀರೇ ಲೇಸು.

ಇನ್ನು ಹೈಪೊ. ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸುವ ಅದರ ಗುಣವನ್ನು 1819ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದನು. ಬಳಸಿದ ಹೈಪೊದಲ್ಲಿ ಆ ಬೆಳ್ಳಿ ಸೇರಿರುತ್ತದೆ. ಬಚ್ಚಲ ನೀರಿನಂತೆ ಇದನ್ನೂ ತೆಂಗಿನ ಬುಡಕ್ಕೆ ಬಿಡೆಂದು ಅವ್ವ ಹೇಳಿದಳು, ನಾನು ಒಪ್ಪಲಿಲ್ಲ. ಕ್ಯಾನಿನಲ್ಲಿ ಕೂಡಿಟ್ಟು, ಫಿಲ್ಮು ತೊಳೆಯುವ ಲ್ಯಾಬಿನವರು ತೆಗೆದುಕೊಂಡರೆ ಕೊಡುವುದು ಲೇಸು. ಅಡಿಗೆಯ ಪಾತ್ರೆ, ಅಳತೆಯ ಲೋಟಗಳನ್ನು ಈ ಕೆಲಸಕ್ಕೆ ತರಲೇಬಾರದು. ನಮ್ಮ ಮನೆಯಲ್ಲಿ ಚೀಟಿ ಓದಬಲ್ಲವನು ನಾನೊಬ್ಬನೇ. ಆದಕಾರಣ ಬಾಟಲಿಗಳ ಕೊರಳಿಗೆ ಕೆಂಪು ಬಟ್ಟೆ ಕಟ್ಟಿ, ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತೇನೆ.