ಚೀಟಿ ಹಿಡಿದು ಮೋರಿಯವರೆಗೆ

ಡಾಕ್ಟರು ರೋಗಿಯ ನಾಡಿ ನೋಡಿ ಎದ್ದ ಮೇಲೆ ಎರಡು ಚೀಟಿ ಬರೆಯಬೇಕಿತ್ತು. ಒಂದು ಔಷಧದ್ದು. ಇನ್ನೊಂದರಲ್ಲಿ ರೋಗಿಯ ಹೆಸರು, ಮನೆಯ ವಿಳಾಸ, ಕಾಯಿಲೆ. ಅದು ಹೋಗುತ್ತಿದ್ದುದು ಊರಿನ ಆರೋಗ್ಯಾಧಿಕಾರಿಯ ಮೇಜಿಗೆ. ಖಾಸಗಿ ರೋಗಿಯಾದರೆ ಚೀಟಿಗೆ ಎರಡೂವರೆ ಶಿಲಿಂಗ್ ಸಂಭಾವನೆ. ಕಳಿಸದಿದ್ದರೆ 40 ಶಿಲಿಂಗ್‌ವರೆಗೂ ದಂಡ. 1889ರ ಕಾಯ್ದೆ ಲಂಡನ್ನಿಗೆ ಇದನ್ನು ಕಡ್ಡಾಯ ಮಾಡಿತು. ಹತ್ತು ವರ್ಷಗಳ ನಂತರ ಇಂಗ್ಲೆಂಡಿನ ಉಳಿದ ಊರುಗಳಿಗೂ ಅದೇ ನಿಯಮ ಬಂತು.

ಸಿಡುಬು, ಕಾಲರಾ, ಗಂಟಲಮಾರಿ, ಸ್ಕಾರ್ಲೆಟ್ ಜ್ವರ, ಟೈಫಾಯ್ಡ್, ಬಾಣಂತಿ ಜ್ವರ ಹೀಗೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದ್ದವು. ಮನೆಮನೆಯನ್ನೂ ಹಿಂಡುತ್ತಿದ್ದ ಶ್ವಾಸಕೋಶದ ಕ್ಷಯ ಎಲ್ಲ ರೋಗಿಗಳ ಮಟ್ಟಿಗೆ ಪಟ್ಟಿಗೆ ಸೇರಿದ್ದು 1912ರಲ್ಲಿ.

ಚೀಟಿ ಬಂದ ಕೂಡಲೇ ಸ್ಯಾನಿಟರಿ ಇನ್‌ಸ್ಪೆಕ್ಟರ್ ಆ ಮನೆಯ ಬಾಗಿಲು ತಟ್ಟುತ್ತಿದ್ದ. ಹಾಲು ಯಾರ ಮನೆಯದು? ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ? ಟೈಫಾಯ್ಡ್ ಆದರೆ ಪ್ರಶ್ನೆ ಇನ್ನೂ ಹಿಂದಕ್ಕೆ ಹೋಗಬೇಕು. ಸೋಂಕು ಒಳಹೊಕ್ಕು ಜ್ವರ ಏರುವ ಹೊತ್ತಿಗೆ ಎರಡು ಮೂರು ವಾರ ಕಳೆದಿರಬಹುದು. ಅಂದು ತಿಂದದ್ದನ್ನು ಇಂದು ನೆನಪಿಸಿಕೊಳ್ಳುವುದು ಸುಲಭವಲ್ಲ. ಆಮೇಲೆ ಮೋರಿಯ ಪರೀಕ್ಷೆ. ಕೊಳವೆಗೆ ಪೆಪ್ಪರ್‌ಮಿಂಟ್ ಎಣ್ಣೆ, ಬಿಸಿನೀರು ಸುರಿದು, ಇನ್ನೊಬ್ಬ ಮನೆಯೊಳಗೆ ಮೂಗರಳಿಸಿ ಓಡಾಡುತ್ತಿದ್ದ. ಅಡುಗೆಮನೆಯಲ್ಲಿ ಪೆಪ್ಪರ್‌ಮಿಂಟ್ ಘಮಿಸಿದರೆ ಕೊಳವೆ ಒಡೆದಿದೆ ಎಂದೇ ಅರ್ಥ. ರೋಗಿಯನ್ನು ಜ್ವರದ ಆಸ್ಪತ್ರೆಗೆ ಸಾಗಿಸಿ, ಹಾಸಿಗೆಯನ್ನು ಹಬೆಗೆ ಹಾಕಿ, ಕೋಣೆಗೆ ಗಂಧಕದ ಹೊಗೆ ಹಾಕುತ್ತಿದ್ದರು.

ಒಂದು ಚೀಟಿ ಒಂದು ಮನೆಯ ಕಥೆ. ಹತ್ತು ಚೀಟಿ ಒಟ್ಟಿಗಿಟ್ಟು ನೋಡಿದಾಗ ಊರಿನ ಕಥೆ ಕಾಣತೊಡಗುತ್ತದೆ. ಕಾಯಿಲೆ ಬಿದ್ದ ಮನೆಗಳಿಗೆಲ್ಲ ಹಾಲು ಹಾಕುವವನು ಒಬ್ಬನೇ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಆದರೆ ಕೆಲವು ಸಲ ಜಾಡು ನೇರವಾಗಿ ಪುರಸಭೆಯ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. 1902ರ ನವೆಂಬರ್ 10ರಂದು ವಿಂಚೆಸ್ಟರ್ ಮತ್ತು ಸೌತಾಂಪ್ಟನ್ ಎರಡೂ ಊರುಗಳಲ್ಲಿ ಮೇಯರ್ ಔತಣ. ಬಡಿಸಿದ್ದರಲ್ಲಿ ಹಸಿ ಸಿಂಪಿಯೂ ಇತ್ತು. ಉಂಡವರಲ್ಲಿ ಹಲವರು ಕಾಯಿಲೆ ಬಿದ್ದರು. ಟೈಫಾಯ್ಡ್‌ನಿಂದ ಸತ್ತವರಲ್ಲಿ ವಿಂಚೆಸ್ಟರ್ ಕೆಥೆಡ್ರಲ್‌ನ ಡೀನ್ ಕೂಡ ಒಬ್ಬರು. ಎರಡು ಊರು, ಎರಡು ಅಡುಗೆಮನೆ. ಸಮಾನವಾಗಿದ್ದುದು ಎಮ್ಸ್‌ವರ್ತ್ ಎಂಬ ಸಣ್ಣ ಬಂದರಿನಿಂದ ಬಂದ ಸಿಂಪಿ. ಸರ್ಕಾರದ ವೈದ್ಯಾಧಿಕಾರಿ ಬುಲ್‌ಸ್ಟ್ರೋಡ್ ತನಿಖೆಗೆ ಇಳಿದರು. ಸಿಂಪಿಗಳನ್ನು ಇರಿಸುತ್ತಿದ್ದ ಕೊಳಗಳ ಬಳಿಯೇ ಊರಿನ ಹೊಲಸು ನೀರು ಕಡಲು ಸೇರುತ್ತಿತ್ತು. ಆ ಮೋರಿಗಳ ಒಡೆತನ ವಾರ್ಬ್ಲಿಂಗ್‌ಟನ್ ನಗರ ಜಿಲ್ಲಾ ಮಂಡಳಿಯದು, ಹೆಚ್ಚುಕಡಿಮೆ ನಮ್ಮ ಪುರಸಭೆಯಂಥ ಸಂಸ್ಥೆ. ಸಿಂಪಿ ವ್ಯಾಪಾರ ನೆಲಕಚ್ಚಿತು. ವ್ಯಾಪಾರಿ ಫಾಸ್ಟರ್ ಮಂಡಳಿಯನ್ನೇ ಕೋರ್ಟಿಗೆ ಎಳೆದರು. 1906ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ಪರ ನಿಂತಿತು.

ಆರೋಗ್ಯಾಧಿಕಾರಿಯ ಹುದ್ದೆಯ ಬಿಕ್ಕಟ್ಟು ಇಲ್ಲೇ ಇತ್ತು. ಅವನಿಗೆ ಸಂಬಳ ಕೊಡುತ್ತಿದ್ದುದು ಮಂಡಳಿ. ಅವನ ಜಾಡು ಹೋಗಿ ಮುಟ್ಟುತ್ತಿದ್ದುದು ಮಂಡಳಿಯದೇ ಮೋರಿಗೆ, ನಲ್ಲಿಗೆ, ಇಲ್ಲವೇ ಮಂಡಳಿಯ ಸದಸ್ಯರೇ ಬಾಡಿಗೆಗೆ ಕೊಟ್ಟ ಮನೆಗೆ. ಹಾಗಿದ್ದೂ ವರ್ಷಕ್ಕೊಮ್ಮೆ ವರದಿ ಬರೆದು ಅದೇ ಮಂಡಳಿಯ ಮುಂದಿಡಬೇಕಿತ್ತು.

ಲಂಡನ್ನಿನ ಅಂಥ 5,500ಕ್ಕೂ ಹೆಚ್ಚು ವರದಿಗಳು, 1848ರಿಂದ 1972ರವರೆಗಿನವು, ಈಗ ವೆಲ್‌ಕಮ್ ಗ್ರಂಥಾಲಯದ ಕೃಪೆಯಿಂದ ಯಾರು ಬೇಕಾದರೂ ಓದುವಂತಿವೆ. ಓದುವವರು ಕಾಯಿಲೆಗಳ ಕೋಷ್ಟಕಕ್ಕೇ ನಿಲ್ಲಬಾರದು. ಎಷ್ಟು ಮೋರಿ ಸರಿಪಡಿಸಿದರು, ಎಷ್ಟು ಮನೆಗೆ ಸುಣ್ಣ ಬಳಿಸಿದರು ಎಂಬ ಒಣ ಲೆಕ್ಕವೂ ಅದೇ ವರದಿಯಲ್ಲಿದೆ. ಡಾಕ್ಟರು ಕಳಿಸಿದ ಚೀಟಿಗೆ ಊರು ಬರೆದ ಉತ್ತರ ಅದು.