ಅತ್ತೆಯ ತಣ್ಣೀರು ಸ್ನಾನ, ನನ್ನ ಕರೆಂಟ್ ಬಿಲ್

ಜನವರಿ ಮೊದಲ ವಾರ. ಮೈಸೂರಿನ ಆಫೀಸಿಗೆ ಹೊರಡೋ ಗಡಿಬಿಡಿಯಲ್ಲಿ ಕರೆಂಟ್ ಬಿಲ್ ಕೈಗೆ ಬಂತು. ಗೃಹಜ್ಯೋತಿ ಬಂದ ಮೇಲೆ ನಮ್ಮ ಶ್ರೀರಂಗಪಟ್ಟಣದ ಮನೆಗೆ ಹೆಚ್ಚಾಗಿ ಸೊನ್ನೆ ಬಿಲ್ಲೇ. ಈ ಸಲ 206 ಯೂನಿಟ್, ಮೊತ್ತ ಸಾವಿರದ ಐನೂರು ದಾಟಿತ್ತು! "ಯಾರು ಇಷ್ಟು ಹೊತ್ತು ಗೀಸರ್ ಹಾಕಿಟ್ಟಿರ್ತೀರಾ?" ಅಂತ ಮನೆಗೆಲ್ಲ ಕೇಳೋ ಹಾಗೆ ರೇಗಿಬಿಟ್ಟೆ.

ಮೂರು ದಿನ ಬಿಟ್ಟು ಗೊತ್ತಾಯ್ತು, ಮಂಡಿನೋವಿರುವ ನಮ್ಮತ್ತೆ ಅವತ್ತಿನಿಂದ ತಣ್ಣೀರಲ್ಲೇ ಸ್ನಾನ ಮಾಡ್ತಿದ್ದಾರೆ ಅಂತ. ಕೇಳಿದ್ರೆ, "ಬುಡವ್ವ, ಅಭ್ಯಾಸ ಆಯ್ತದೆ" ಅಂದ್ರು. ಧನುರ್ಮಾಸದ ಚಳಿ, ಹೊಳೆ ಕಡೆಯಿಂದ ಬೀಸೋ ಗಾಳಿ ಬೇರೆ. ನನಗೆ ಮುಖ ಎತ್ತೋಕಾಗಲಿಲ್ಲ. ಅವರ ಬಿಸಿನೀರಿಗೆ ಕೈ ಹಾಕದೆ ಬಿಲ್ ಇಳಿಸೋದು ಹೇಗೆ ಅಂತ ಅವತ್ತೇ ಲೆಕ್ಕಕ್ಕೆ ಕೂತೆ.

ಆರು ಯೂನಿಟ್‌ನ ಏಟು

ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. 2022-23ರಲ್ಲಿ ನಮ್ಮ ತಿಂಗಳ ಸರಾಸರಿ ಬಳಕೆ 127 ಯೂನಿಟ್. ಅದಕ್ಕೆ ಶೇ. 10 ಸೇರಿಸಿದ್ರೆ ನಮ್ಮ ಪಾಲಿನ ಉಚಿತ ಮಿತಿ ಸುಮಾರು 140. ಅದನ್ನು ಮೀರಿ 200ರ ಒಳಗಿದ್ರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದ್ರೆ ಪೂರ್ತಿ ಬಿಲ್ ನಮ್ಮದೇ. ನಮಗೆ ಬಿದ್ದದ್ದು ಆರೇ ಆರು ಯೂನಿಟ್‌ನ ಏಟು.

ಕಳ್ಳಿ ಸಿಕ್ಕಿಬಿದ್ದಳು

2,000 ವಾಟ್‌ನ ಗೀಸರ್ ಅರ್ಧ ಗಂಟೆ ಉರಿದ್ರೆ ಒಂದು ಯೂನಿಟ್. 20 ಡಿಗ್ರಿ ಇರೋ 20 ಲೀಟರ್ ನೀರನ್ನು ಸ್ನಾನದ ಹದಕ್ಕೆ, ಅಂದ್ರೆ 40 ಡಿಗ್ರಿಗೆ ತರೋಕೆ ಸುಮಾರು ಅರ್ಧ ಯೂನಿಟ್ ಬೇಕು. ಅತ್ತೆಯದು ಒಂದೇ ಬಕೆಟ್. ಮಾವನದೂ ಅಷ್ಟೇ, ನನ್ನ ಗಂಡನದೂ ಅಷ್ಟೇ.

ಆಮೇಲೆ ನನ್ನ ಶವರ್ ಕೆಳಗೆ ಬಕೆಟ್ ಇಟ್ಟು ನೋಡಿದೆ. ಎರಡೂವರೆ ನಿಮಿಷಕ್ಕೆ ತುಂಬಿತು. ನಾನು ನಿಲ್ಲೋದು ಹತ್ತು ನಿಮಿಷ, ಅಂದ್ರೆ ನಾಲ್ಕು ಬಕೆಟ್, ಹತ್ತಿರ ಹತ್ತಿರ ಎರಡು ಯೂನಿಟ್. ತಿಂಗಳಿಗೆ ಅರವತ್ತು! ರೇಗಿದವಳೇ ಕಳ್ಳಿ.

ಸುತ್ತಮುತ್ತ ಕಂಡದ್ದು

ನಾಗಮಂಗಲದ ತವರಲ್ಲಿ ಅಪ್ಪ ಇವತ್ತಿಗೂ ಬಚ್ಚಲ ಹಂಡೆಗೆ ತೆಂಗಿನ ಗರಿ, ಚಿಪ್ಪು ಹಾಕಿ ಒಲೆ ಉರಿಸ್ತಾರೆ. ಒಂದು ಸಲ ಕಾದ ಹಂಡೆಯಲ್ಲಿ ಮನೆಮಂದಿಯೆಲ್ಲ ಒಬ್ಬರ ಹಿಂದೆ ಒಬ್ಬರು ಮುಗಿಸ್ತಾರೆ. ಪಾಂಡವಪುರದ ಕಡೆ ಆಲೆಮನೆಗಳಲ್ಲಿ ಹಾಲು ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ, ಅದರ ಉರಿಯಲ್ಲೇ ಬೆಲ್ಲ ಕಾಯಿಸ್ತಾರೆ. ಕೆ.ಆರ್.ಪೇಟೆಯ ಅಕ್ಕನ ಮನೇಲಿ ಸೋಲಾರ್ ಇದೆ. ಆದ್ರೂ ಬಿಸಿನೀರು ಬರೋತನಕ ಪೈಪಿನ ತಣ್ಣೀರು ಚರಂಡಿಗೆ ಹೋಗ್ತಿತ್ತು. ಈಗ ಅದನ್ನು ಬಕೆಟ್‌ಗೆ ಹಿಡಿದು ಬಟ್ಟೆ ನೆನೆಸ್ತಾಳೆ.

ನಾವು ಬದಲಾಯಿಸಿದ್ದು

• ಗೀಸರ್ 75 ಡಿಗ್ರಿಯಿಂದ 60ಕ್ಕೆ ಇಳಿಸಿದ್ವಿ. ಸ್ನಾನ ಸಾಲಾಗಿ ಮುಗಿಸಿ ಸ್ವಿಚ್ ಆರಿಸ್ತೀವಿ.

• ನನ್ನ ಸ್ನಾನ ಸಂಜೆಗೆ, ಒಂದೇ ಬಕೆಟ್. ಬಿಸಿಲು ಕಂಡ ಟ್ಯಾಂಕಿನ ನೀರು 27 ಡಿಗ್ರಿ ಇದ್ರೂ ಸಾಕು, ಕಾಯಿಸೋ ಖರ್ಚಲ್ಲಿ ಮೂರರಲ್ಲೊಂದು ಪಾಲು ಮಿಗುತ್ತೆ.

• ಬೋರ್‌ವೆಲ್ ನೀರಿನ ಸುಣ್ಣ ಗೀಸರ್ ಕಾಯಿಲ್ ಮೇಲೆ ಕಟ್ಟಿಕೊಂಡಿತ್ತು, ಕ್ಲೀನ್ ಮಾಡಿಸಿದ್ವಿ.

• ಫ್ರಿಡ್ಜ್ ಕೂಲಿಂಗ್ ಚಳಿಗಾಲದ ಮಟ್ಟಕ್ಕೆ ಇಳಿಸಿದ್ವಿ.

• ರೂಮ್ ಹೀಟರ್ ತರೋ ಯೋಚನೆ ಬಿಟ್ವಿ. ಸಂಜೆ ಐದಕ್ಕೇ ಕಿಟಕಿ ಮುಚ್ಚಿ, ಅತ್ತೆ ಕಾಲ ಕೆಳಗೆ ದಪ್ಪ ಜಮಖಾನ ಹಾಸಿದ್ವಿ.

ಸ್ವಂತ ಮನೆ, ತಾರಸಿ ಇದ್ದವರು ಪಿಎಂ ಸೂರ್ಯಘರ್ ಯೋಜನೆ ನೋಡಬಹುದು. 2024ರಲ್ಲಿ ಶುರುವಾದ ಇದರಲ್ಲಿ 1 ಕಿಲೋವಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ ಇದೆ.

ಉಳಿಸೋಕೆ ಹೋಗಿ ಜೀವ ಕಳ್ಕೋಬೇಡಿ

ಚಳಿ ಅಂತ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಕೂಡ ಬೇಡ. ಎರಡರಿಂದಲೂ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಗೊತ್ತಾಗೋದ್ರೊಳಗೆ ಎಚ್ಚರ ತಪ್ಪುತ್ತೆ. ವಾಟರ್ ಹೀಟರ್ ರಾಡ್ ಬಳಸೋರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೇ ನೀರು ಮುಟ್ಟಿ. ಕಬ್ಬಿಣದ ಬಕೆಟ್ ಬೇಡವೇ ಬೇಡ.

ಮುಂದಿನ ತಿಂಗಳು ಬಂದದ್ದು 168 ಯೂನಿಟ್. ಸೊನ್ನೆ ಬಿಲ್ ಆಗಲಿಲ್ಲ, 28 ಯೂನಿಟ್‌ನ ದುಡ್ಡು ಕಟ್ಟಿದ್ವಿ. ಭಾನುವಾರದ ಶವರ್ ನಾನಿನ್ನೂ ಬಿಟ್ಟಿಲ್ಲ, ನೋಡಿ! ಅತ್ತೆ ಮಾತ್ರ ಈಗಲೂ ಸ್ವಿಚ್ ಹತ್ರ ಹೋಗೋಕೆ ಹಿಂದೆಮುಂದೆ ನೋಡ್ತಾರೆ. ಅದಕ್ಕೇ ದಿನಾ ಬೆಳಗ್ಗೆ ನಾನೇ ಅವರ ಬಕೆಟ್ ತುಂಬಿಸಿಟ್ಟು, "ಅತ್ತೆ, ನೀರು ಕಾದಿದೆ, ಬನ್ನಿ" ಅಂತ ಕರೆದು ಬಸ್ ಹಿಡೀತೀನಿ.